ಸಂಬಳವಿಲ್ಲದ ದುಡಿಮೆ, ರಜೆಯಿಲ್ಲದ ಚಿಂತೆ

“ಉತ್ತಮ ಬೇಸಾಯ, ಮಧ್ಯಮ ವ್ಯಾಪಾರ, ಕನಿಷ್ಠ ಚಾಕರಿ” ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಊರ ಕಟ್ಟೆಯ ಮೇಲೆ ಕುಳಿತು ಕೇಳಿದರೆ ಮಾತು ತಿರುಗಿಬಿದ್ದಿದೆ. “ತಿಂಗಳಾದರೆ ಸಂಬಳ ಎಣಿಸುವವನೇ ಪುಣ್ಯವಂತ, ನಮ್ಮದೇನು, ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ” ಎನ್ನುವವರೇ ಹೆಚ್ಚು. ಹಣದ ಹೋಲಿಕೆಯನ್ನು ಎಲ್ಲರೂ ಮಾಡುತ್ತಾರೆ. ಮನಸ್ಸಿನ ಆರೋಗ್ಯದ ಮಟ್ಟಿಗೆ ಸ್ವಂತ ದುಡಿಮೆಯವನು ಮೇಲೋ, ನೌಕರಿಯವನು ಮೇಲೋ ಎಂದು ಕೇಳುವವರು ಕಡಿಮೆ. ರೈತ ಬಾಂಧವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಇಬ್ಬರು ಅಣ್ಣತಮ್ಮಂದಿರು

ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಿದ್ದಾರೆ ಎಂದಿಟ್ಟುಕೊಳ್ಳೋಣ. ತಮ್ಮ ಕಚೇರಿಯೊಂದರಲ್ಲಿ ಗುಮಾಸ್ತ. ಅಣ್ಣ ನಾಲ್ಕು ಎಕರೆಯ ಬೇಸಾಯಗಾರ. ತಮ್ಮನಿಗೂ ಸುಖವೇನಿಲ್ಲ. ಮೇಲಧಿಕಾರಿಯ ಗದರಿಕೆ, ಕಡತಗಳ ರಾಶಿ, ವರ್ಗಾವಣೆಯ ಭಯ ಇದ್ದೇ ಇವೆ. ಆದರೆ ಸಂಜೆ ಬಾಗಿಲು ಹಾಕಿದ ಮೇಲೆ ಕಚೇರಿ ಕಚೇರಿಯಲ್ಲೇ ಉಳಿಯುತ್ತದೆ. ಜ್ವರ ಬಂದರೆ ರಜೆ ಅರ್ಜಿ ಬರೆದು ಮಲಗುತ್ತಾನೆ. ಕಾರ್ಖಾನೆಯ ಕೆಲಸಗಾರನಾದರೆ, ಇ.ಎಸ್.ಐ. ಯೋಜನೆಯಲ್ಲಿ ಅರ್ಹನಾದವನಿಗೆ ಕಾಯಿಲೆಯ ಕಾಲದಲ್ಲಿ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡಾ 70ರಷ್ಟು ಹಣ ಸಿಗುತ್ತದೆ.

ಅಣ್ಣನಿಗೆ ಇದೊಂದೂ ಇಲ್ಲ. ರಾತ್ರಿ ಎರಡು ಗಂಟೆಗೆ ಕರೆಂಟು ಬಂದರೆ ಎದ್ದು ಪಂಪ್‌ಸೆಟ್ ಹಾಕಬೇಕು. ಮೈ ಬಿಸಿಯಾಗಿದೆ ಎಂದು ಹಸು ಹಾಲು ಕರೆಯುವುದನ್ನು ನಾಳೆಗೆ ಇಡುವಂತಿಲ್ಲ. ಬೆಳೆ ಕೈಕೊಟ್ಟಿತೆಂದರೆ ವರ್ಷದ ದುಡಿಮೆ ಹೋಯಿತು, ಹಾಕಿದ ಬಂಡವಾಳವೂ ಹೋಯಿತು, ಸಾಲವೊಂದು ಉಳಿಯಿತು. ಮನೆಯಾಕೆ ಹೊಲದಲ್ಲೂ ಅಷ್ಟೇ ದುಡಿದು ಒಲೆಯ ಮುಂದೆ ಕೂರುವಾಗ ಈ ಚಿಂತೆಯ ಅರ್ಧವನ್ನು ತಾನೂ ಹೊರುತ್ತಾಳೆ.

ಸ್ವಾತಂತ್ರ್ಯಕ್ಕೂ ಬೆಲೆ ಇದೆ

ಹಾಗೆಂದು ಸ್ವಂತ ಕಸುಬು ಮನಸ್ಸಿಗೆ ಕೆಟ್ಟದ್ದೆಂದು ಹೇಳುವಂತಿಲ್ಲ. ಅರ್ಥಶಾಸ್ತ್ರಜ್ಞರಾದ ಬೆನ್ಜ್ ಮತ್ತು ಫ್ರೈ 23 ದೇಶಗಳ ಅಂಕಿಅಂಶಗಳನ್ನು ಪರಿಶೀಲಿಸಿ 2008ರಲ್ಲಿ ಲೇಖನ ಪ್ರಕಟಿಸಿದರು. ಸ್ವಂತ ಉದ್ಯೋಗದವರು ನೌಕರರಿಗಿಂತ ತಮ್ಮ ಕೆಲಸದಲ್ಲಿ ಹೆಚ್ಚು ತೃಪ್ತರು ಎಂದು ಅವರು ಕಂಡುಕೊಂಡರು. ತನ್ನ ಕೆಲಸಕ್ಕೆ ತಾನೇ ಯಜಮಾನ ಎಂಬ ಭಾವನೆಗೆ ಅಷ್ಟು ಬಲವಿದೆ.

ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲಿ ಇನ್ನೊಂದು ಮಾತು ಹೇಳಿದರು. ಕೆಲಸದ ಹೊರೆ ಹೆಚ್ಚಾಗಿದ್ದು ಕೆಲಸದ ಮೇಲಿನ ಹಿಡಿತ ಕಡಿಮೆಯಾದಲ್ಲಿ ಮನಸ್ಸು ಬಳಲುತ್ತದೆ ಎಂಬುದು ಅವರ ಮಾತಿನ ಸಾರ. ಅವರು ನೌಕರರನ್ನು ಕುರಿತು ಹೇಳಿದ್ದು ರೈತನಿಗೂ ಒಪ್ಪುತ್ತದೆ. ಯಾವ ಬೆಳೆ, ಯಾವ ತಳಿ, ಯಾವಾಗ ಬಿತ್ತನೆ ಎಂಬುದು ಅವನ ಕೈಯಲ್ಲಿದೆ. ಮಳೆ ಅವನ ಕೈಯಲ್ಲಿಲ್ಲ, ಮಾರುಕಟ್ಟೆಯ ದರವೂ ಇಲ್ಲ. ಆದರೂ ನಷ್ಟವಾದಾಗ ಅವನು ತನ್ನನ್ನೇ ದೂರಿಕೊಳ್ಳುತ್ತಾನೆ. ಕಂಪನಿ ಮುಳುಗಿದರೆ ನೌಕರ ಕಂಪನಿಯನ್ನು ಬೈಯುತ್ತಾನೆ. ಟೊಮೆಟೊ ದರ ಬಿದ್ದರೆ ರೈತ “ನಾನೇ ಕೆಟ್ಟೆ, ಮನೆಯವರನ್ನೂ ಕೆಡಿಸಿದೆ” ಎಂದು ಒಳಗೇ ಕುದಿಯುತ್ತಾನೆ. ಅಪಾಯ ಇರುವುದು ಇಲ್ಲಿ.

ಚಿಂತೆ ಯಾವುದು, ಕಾಯಿಲೆ ಯಾವುದು?

ಬೆಳೆ ಹೋದಾಗ ದುಃಖವಾಗುವುದು ಸಹಜ. ಆದರೆ ಎರಡು ವಾರ ಕಳೆದರೂ ದಿನವಿಡೀ ಮನಸ್ಸು ಮಂಕಾಗಿಯೇ ಇದ್ದರೆ, ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಹೊಲದ ಕಡೆ ಕಾಲು ಎಳೆಯದಿದ್ದರೆ, “ನಾನಿದ್ದು ಏನು ಫಲ” ಎಂಬ ಮಾತು ಬಾಯಿಗೆ ಬರುತ್ತಿದ್ದರೆ ಅದು ಖಿನ್ನತೆ ಎಂಬ ಕಾಯಿಲೆ ಆಗಿರಬಹುದು. ಹಳ್ಳಿಗಳಲ್ಲಿ ಇದು ಅನೇಕ ವೇಳೆ ತಲೆನೋವು, ಎದೆ ಉರಿ, ಮೈಕೈ ಸೋಲು ಎಂದೇ ಡಾಕ್ಟರ ಮುಂದೆ ಬರುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಖಿನ್ನತೆಗೆ ಔಷಧವಿದೆ. ಅದರ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ನಾಲ್ಕು ದಿನ ನುಂಗಿ “ಏನೂ ಆಗಲಿಲ್ಲ” ಎಂದು ಬಿಡಬಾರದು. ಗುಣವಾಯಿತೆಂದು ಡಾಕ್ಟರನ್ನು ಕೇಳದೆ ನಿಲ್ಲಿಸಲೂ ಬಾರದು. ಹೆಂಡದಿಂದ ಮನಸ್ಸು ಹಗುರವಾಗುತ್ತದೆಂಬುದು ಭ್ರಮೆ. ಅದು ನಿದ್ದೆಯನ್ನೂ ಕೆಡಿಸುತ್ತದೆ, ಖಿನ್ನತೆಯನ್ನೂ ಬೆಳೆಸುತ್ತದೆ.

ಇದಕ್ಕಾಗಿ ದೊಡ್ಡ ಊರಿಗೇ ಓಡಬೇಕಾಗಿಲ್ಲ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು, ಹಳ್ಳಿಯ ಹತ್ತಿರವೇ ಮಾನಸಿಕ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಆ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿಕೊಳ್ಳಿ.

ರೈತರು ಮಾಡಬೇಕಾದ್ದು

1. ವಾರದಲ್ಲಿ ಅರ್ಧ ದಿನವಾದರೂ ಹೊಲದ ಕೆಲಸಕ್ಕೆ ಬಿಡುವು ಕೊಡಿ. ನೆರೆಯವರೊಡನೆ ಮುಯ್ಯಾಳು ಪದ್ಧತಿ ಇಟ್ಟುಕೊಂಡರೆ ಕಾಯಿಲೆಯ ದಿನವೂ ದನಕರು ಉಪವಾಸ ಬೀಳುವುದಿಲ್ಲ.

2. ಸಾಲದ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದು ಮನೆಯವರಿಗೆ ತೋರಿಸಿ. ಮುಚ್ಚಿಟ್ಟ ಸಾಲ ರಾತ್ರಿಯ ಹೊತ್ತು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

3. ಕಂತು ಕಟ್ಟಲಾಗದೆಂದು ತೋರಿದರೆ ನೋಟೀಸು ಬರುವವರೆಗೆ ಕಾಯದೆ ಬ್ಯಾಂಕಿಗೆ ಹೋಗಿ ಮಾತನಾಡಿ. ಬರ ಅಥವಾ ನೆರೆ ಘೋಷಣೆಯಾದ ಕಡೆ ಬೆಳೆಸಾಲದ ಅವಧಿಯನ್ನು ವಿಸ್ತರಿಸಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಅವಕಾಶವಿದೆ.

4. ಕೀಟನಾಶಕವನ್ನು ಮನೆಯೊಳಗೆ ಇಡಬೇಡಿ. ಬೇಕಾದಷ್ಟನ್ನೇ ತನ್ನಿ, ಉಳಿದದ್ದಕ್ಕೆ ಬೀಗ ಹಾಕಿ. ಮನೆಯಲ್ಲಿ ಯಾರ ಮನಸ್ಸಾದರೂ ಕೆಟ್ಟಿದ್ದರೆ ಬೀಗದ ಕೈ ಬೇರೆಯವರ ಬಳಿ ಇರಲಿ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸುತ್ತ ಬಂದ ಮೇಲೆ, 1995ರಿಂದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡಾ 70ರಷ್ಟು ಇಳಿಯಿತು. ಆ ಕೆಟ್ಟ ಗಳಿಗೆ ದಾಟಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

5. ನೆರೆಯವನು ಮೂರು ನಾಲ್ಕು ದಿನ ಕಟ್ಟೆಗೆ ಬಾರದಿದ್ದರೆ ಅವನ ಮನೆಗೆ ಹೋಗಿ. “ಜೀವ ಬೇಡ ಅನ್ನಿಸುತ್ತಿದೆಯೇನಪ್ಪಾ?” ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಅವನನ್ನು ಒಬ್ಬನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸು ಕೇಸಾದೀತೆಂಬ ಹೆದರಿಕೆ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಅಂಥವನನ್ನು ತೀವ್ರ ಒತ್ತಡದಲ್ಲಿದ್ದವನೆಂದೇ ಭಾವಿಸಿ ಶಿಕ್ಷೆಯಿಂದ ಪಾರುಮಾಡುತ್ತದೆ.

6. 14416 ಸಂಖ್ಯೆಯನ್ನು ವಾಚನಾಲಯದ ಗೋಡೆಯ ಮೇಲೆ ಬರೆದಿಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮನಸ್ ಸೇವೆ. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ.

ನೌಕರನಿಗೆ ಬಿಡುವು, ರಜೆ, ಜೊತೆಗಾರರು ಕೆಲಸದೊಂದಿಗೇ ಬರುತ್ತಾರೆ. ರೈತನಿಗೆ ಹಾಗೆ ಬರುವುದು ಸ್ವಾತಂತ್ರ್ಯವೊಂದೇ. ಉಳಿದದ್ದನ್ನು ಅವನು ಮನೆಯವರ, ನೆರೆಯವರ ಜೊತೆ ಸೇರಿ ತಾನೇ ಏರ್ಪಾಟು ಮಾಡಿಕೊಳ್ಳಬೇಕು. ಎತ್ತು ಮೇವು ಬಿಟ್ಟರೆ ಅದೇ ದಿನ ಪಶುವೈದ್ಯರನ್ನು ಕರೆಸುತ್ತೇವೆ. ಮನೆಯ ಯಜಮಾನ ಊಟ ಬಿಟ್ಟಾಗಲೂ ಅಷ್ಟೇ ಆತುರ ಇರಲಿ.