ಕೂಸು ಹೊರುವ ಜೋಳಿಗೆ: ಆಯ್ಕೆ ಮತ್ತು ಬಳಕೆ

ಎಳೆಗೂಸನ್ನು ಮೈಗೆ ಕಟ್ಟಿಕೊಂಡು ದುಡಿಯುವುದು ಅತ್ಯಂತ ಪುರಾತನವಾದ ರೂಢಿ. ಮಿಜೋರಾಂನ ತಾಯಂದಿರು 'ಪುಆನ್' ಎಂಬ ವಸ್ತ್ರದಿಂದ ಮಗುವನ್ನು ಬೆನ್ನಿಗೆ ಬಿಗಿದುಕೊಳ್ಳುತ್ತಾರೆ. ಮೆಕ್ಸಿಕೋ ದೇಶದಲ್ಲಿ 'ರೆಬೋಸೊ' ಎಂಬ ಉದ್ದನೆಯ ಶಾಲು ಇದೇ ಕೆಲಸಕ್ಕೆ ಒದಗುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಹಸುಗೂಸನ್ನು ಮಲಗಿಸುವುದು, ಕತ್ತು ನಿಂತ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಮನೆಗೆಲಸ ಪೂರೈಸುವುದು ಎಲ್ಲರಿಗೂ ಪರಿಚಿತವಾದ ದೃಶ್ಯ.

ಊರನ್ನು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಂತಹ ನಗರಗಳಲ್ಲಿ ನೆಲೆಸಿದ ಅನೇಕ ಕುಟುಂಬಗಳಲ್ಲಿ ಮಗುವನ್ನು ಎತ್ತಿ ಆಡಿಸಲು ಹಿರಿಯರು ಸದಾ ಜೊತೆಯಲ್ಲಿರುವುದಿಲ್ಲ. ಮನೆಗೆಲಸ, ಮಾರುಕಟ್ಟೆ, ಲಸಿಕೆಗಾಗಿ ಆಸ್ಪತ್ರೆಯ ಪ್ರಯಾಣ ಇವೆಲ್ಲವೂ ಮಗುವಿನೊಡನೆಯೇ ನಡೆಯಬೇಕಾಗುತ್ತದೆ. ಆದ್ದರಿಂದ ಬೇಬಿ ಕ್ಯಾರಿಯರ್, ಸ್ಲಿಂಗ್ ಮುಂತಾದ ಹೆಸರುಗಳಿಂದ ಮಾರಾಟವಾಗುವ ಜೋಳಿಗೆಗಳಿಗೆ ಬೇಡಿಕೆ ಬಂದಿದೆ. ಇವುಗಳ ಗುಣವನ್ನು ಬಣ್ಣದಿಂದಾಗಲಿ ಬೆಲೆಯಿಂದಾಗಲಿ ಅಳೆಯಲಾಗದು. ತಾಯಿಯ ತೋಳುಗಳಲ್ಲಿ ಮಗು ಹೇಗಿರುವುದೋ ಜೋಳಿಗೆಯಲ್ಲಿಯೂ ಹಾಗೆಯೇ ಇರಬೇಕೆಂಬುದು ಆಯ್ಕೆಯ ಮೂಲ ಸೂತ್ರ. ಮಗುವಿನ ಉಸಿರಾಟ, ಅದರ ಸೊಂಟದ ಕೀಲು, ಹೊರುವವರ ಶರೀರ ಈ ಮೂರನ್ನೂ ಇದೇ ಕ್ರಮದಲ್ಲಿ ಪರಿಶೀಲಿಸಿದಲ್ಲಿ ಆಯ್ಕೆ ಸುಲಭವಾಗುತ್ತದೆ.

ಮೈಗೆ ಹತ್ತಿರವಿರುವುದರ ಪ್ರಯೋಜನ

ಎತ್ತಿಕೊಂಡರೆ ಮಗು ಕೈಗೆ ಅಂಟಿಕೊಂಡು ಕೆಡುತ್ತದೆ ಎಂಬ ಭಾವನೆ ಹಲವರಲ್ಲಿದೆ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಭಿನ್ನವಾದ ಫಲಿತಾಂಶವನ್ನು ನೀಡಿತು. ಅತ್ತಾಗ ಮಾತ್ರವಲ್ಲದೆ ದಿನವೂ ಹೆಚ್ಚು ಹೊತ್ತು ಎತ್ತಿಕೊಂಡ ಶಿಶುಗಳು, ಅಳು ಅತಿ ಹೆಚ್ಚಾಗಿರುವ ಆರನೆಯ ವಾರದಲ್ಲಿ, ಇತರ ಶಿಶುಗಳಿಗಿಂತ ಶೇಕಡ 43ರಷ್ಟು ಕಡಿಮೆ ಕಾಲ ಅತ್ತವು.

ಕಡಿಮೆ ತೂಕದ ಶಿಶುಗಳ ವಿಷಯದಲ್ಲಿ ಈ ಸಾಮೀಪ್ಯವು ಜೀವರಕ್ಷಕವೂ ಹೌದು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರುಗಳ ಅಭಾವವಿದ್ದಾಗ, ಡಾ. ಎಡ್ಗರ್ ರೇ ಅವರು ಅವಧಿಗೆ ಮುನ್ನ ಜನಿಸಿದ ಶಿಶುಗಳನ್ನು ತಾಯಿಯ ಬರಿ ಎದೆಗೆ ಆನಿಸಿ ಕಟ್ಟುವ ವಿಧಾನವನ್ನು ಆರಂಭಿಸಿದರು. ಇದೇ ಇಂದು 'ಕಾಂಗರೂ ತಾಯಿ ಆರೈಕೆ' ಎಂದು ಪ್ರಸಿದ್ಧವಾಗಿದೆ. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಪಾಲ್ಗೊಂಡಿತ್ತು. 1 ರಿಂದ 1.8 ಕಿಲೋಗ್ರಾಂವರೆಗಿನ ತೂಕದ ಶಿಶುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆಯನ್ನು ಆರಂಭಿಸಿದಾಗ, ಮೊದಲ 28 ದಿನಗಳ ಮರಣ ಪ್ರಮಾಣವು ಸುಮಾರು ಕಾಲು ಭಾಗದಷ್ಟು ತಗ್ಗಿತು. ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯವು 2014ರಲ್ಲಿಯೇ ಈ ಕುರಿತು ಮಾರ್ಗಸೂಚಿಯನ್ನು ಹೊರಡಿಸಿದೆ. ತಂದೆಯೂ, ಮನೆಯ ಇತರರೂ ಈ ಆರೈಕೆಯನ್ನು ನೀಡಬಹುದು.

ಆದರೆ ಕಾಂಗರೂ ಆರೈಕೆಯಲ್ಲಿ ಮಗುವಿನ ತಲೆ, ಕತ್ತು, ಕಾಲುಗಳ ಭಂಗಿಯನ್ನು ಆರೋಗ್ಯ ಸಿಬ್ಬಂದಿ ಕಲಿಸಿಕೊಟ್ಟಿರುತ್ತಾರೆ. ಅಂಗಡಿಯಿಂದ ತಂದ ಜೋಳಿಗೆಗೆ ಅಂತಹ ಮೇಲ್ವಿಚಾರಣೆ ಇರುವುದಿಲ್ಲ. ಆದಕಾರಣ ಅವಧಿಗೆ ಮುನ್ನ ಜನಿಸಿದ, 2.5 ಕಿಲೋಗ್ರಾಂಗಿಂತ ಕಡಿಮೆ ತೂಕದ, ಅಥವಾ ನೆಗಡಿ ಮತ್ತು ಉಸಿರಾಟದ ತೊಂದರೆಯಿರುವ ಶಿಶುಗಳಿಗೆ ವೈದ್ಯರ ಸಲಹೆಯಿಲ್ಲದೆ ಇಂತಹ ಜೋಳಿಗೆಯನ್ನು ಬಳಸಬಾರದು.

ಮೊದಲನೆಯದು ಉಸಿರು

ನವಜಾತ ಶಿಶುವಿನ ತಲೆ ಅದರ ದೇಹಕ್ಕೆ ಹೋಲಿಸಿದರೆ ದೊಡ್ಡದು; ಕತ್ತಿನ ಸ್ನಾಯುಗಳು ದುರ್ಬಲ; ಶ್ವಾಸನಾಳವು ಕಿರಿದು ಮತ್ತು ಮೃದು. ಜೋಳಿಗೆಯಲ್ಲಿ ಮಗು ಬಿಲ್ಲಿನಂತೆ ಬಾಗಿ ಗಲ್ಲ ಎದೆಗೆ ತಾಗಿದರೆ ಶ್ವಾಸಮಾರ್ಗ ಇಕ್ಕಟ್ಟಾಗುತ್ತದೆ. ಮೂಗು ಬಾಯಿಗಳು ಬಟ್ಟೆಗೋ ತಾಯಿಯ ಎದೆಗೋ ಒತ್ತಿಕೊಂಡರೂ ಅಪಾಯ ಅಷ್ಟೇ. ಇಂತಹ ಸ್ಥಿತಿಯಲ್ಲಿ ಮಗು ಅಳಲಾರದು, ತಲೆಯನ್ನು ತಿರುಗಿಸಿಕೊಳ್ಳಲಾರದು. ನಿದ್ರಿಸುತ್ತಿದೆ ಎಂದು ಹಿರಿಯರು ಭಾವಿಸಿರುವಾಗಲೇ ಕೆಲವೇ ನಿಮಿಷಗಳಲ್ಲಿ ಅನಾಹುತ ಸಂಭವಿಸಬಹುದು.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷಾ ಆಯೋಗವು 2010ರ ಮಾರ್ಚ್ ತಿಂಗಳಿನಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ಹಿಂದಿನ 20 ವರ್ಷಗಳಲ್ಲಿ ಜೋಳಿಗೆಗಳಿಗೆ ಸಂಬಂಧಿಸಿದ ಕನಿಷ್ಠ 14 ಶಿಶುಮರಣಗಳನ್ನು ಉಲ್ಲೇಖಿಸಿತು. ಅವುಗಳಲ್ಲಿ 12 ಶಿಶುಗಳು ನಾಲ್ಕು ತಿಂಗಳಿಗಿಂತ ಚಿಕ್ಕವು. ಚೀಲದಂತೆ ಆಳವಾಗಿದ್ದು, ಮಗುವನ್ನು ಅಡ್ಡಲಾಗಿ ಮಡಿಚಿ ಮಲಗಿಸುವ, ಹೊರಗಿನಿಂದ ಮುಖ ಕಾಣಿಸದ ಜೋಳಿಗೆಗಳನ್ನು ಎಳೆಗೂಸುಗಳಿಗೆ ಕೊಳ್ಳಲೇಬಾರದು.

ಮಗು ನೆಟ್ಟಗೆ, ಹೊರುವವರ ಎದೆಗೆ ಆನಿಕೊಂಡಿರಬೇಕು. ತಲೆ ಬಗ್ಗಿಸಿದರೆ ನೆತ್ತಿಗೆ ಮುತ್ತಿಡುವಷ್ಟು ಎತ್ತರದಲ್ಲಿರಬೇಕು. ಮುಖ ಸದಾ ಕಣ್ಣಿಗೆ ಕಾಣುತ್ತಿರಬೇಕು. ಗಲ್ಲಕ್ಕೂ ಎದೆಗೂ ನಡುವೆ ಎರಡು ಬೆರಳುಗಳಷ್ಟು ಅಂತರವಿರಬೇಕು. ಬಟ್ಟೆ ಸಡಿಲವಾದರೆ ಮಗು ಕೆಳಕ್ಕೆ ಕುಸಿದು ಕತ್ತು ಬಾಗುವುದರಿಂದ, ಅಪ್ಪಿಕೊಂಡಷ್ಟು ಬಿಗಿ ಅವಶ್ಯಕ. ಜೋಳಿಗೆಯಲ್ಲಿಯೇ ಹಾಲೂಡಿಸಿದಲ್ಲಿ, ಮುಗಿದೊಡನೆ ಮಗುವನ್ನು ಮತ್ತೆ ನೆಟ್ಟಗೆ ಕೂರಿಸಬೇಕು.

ಸೊಂಟದ ಕೀಲಿನ ರಕ್ಷಣೆ

ಸೊಂಟದ ಕೀಲಿನಲ್ಲಿ ತೊಡೆಮೂಳೆಯ ದುಂಡನೆಯ ತಲೆಯು ಬಟ್ಟಲಿನಾಕಾರದ ಕುಳಿಯಲ್ಲಿ ಕುಳಿತಿರುತ್ತದೆ. ಹುಟ್ಟಿದಾಗ ಈ ಬಟ್ಟಲು ಬಹುಪಾಲು ಮೃದ್ವಸ್ಥಿಯಿಂದ ಕೂಡಿರುತ್ತದೆ. ಮೊದಲ ಆರು ತಿಂಗಳುಗಳಲ್ಲಿ ಕಾಲುಗಳನ್ನು ನೇರವಾಗಿ ಜೋಡಿಸಿ ಬಿಗಿಯಾಗಿ ಸುತ್ತುವುದು ಕೀಲಿನ ಬೆಳವಣಿಗೆಗೆ ಹಾನಿಕರ. ಜಪಾನಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಈ ರೂಢಿಯ ವಿರುದ್ಧ ಜನಜಾಗೃತಿ ನಡೆದ ನಂತರ ಶಿಶುಗಳ ಸೊಂಟದ ಕೀಲು ತಪ್ಪುವಿಕೆ ಗಣನೀಯವಾಗಿ ಇಳಿಯಿತು.

ಜೋಳಿಗೆಯ ಆಸನವು ಮಗುವಿನ ಒಂದು ಮಂಡಿಯಿಂದ ಇನ್ನೊಂದು ಮಂಡಿಯವರೆಗೆ ಅಗಲವಾಗಿದ್ದು, ತೊಡೆಗಳಿಗೆ ಪೂರ್ಣ ಆಸರೆ ನೀಡಬೇಕು. ಮಂಡಿಗಳು ಪೃಷ್ಠಕ್ಕಿಂತ ತುಸು ಮೇಲಿದ್ದು, ಕಾಲುಗಳು ಕಪ್ಪೆಯ ಕಾಲಿನಂತೆ ಅಗಲಿಸಿರಬೇಕು. ಕಂಕುಳಲ್ಲಿ ಎತ್ತಿಕೊಂಡಾಗ ಮಗು ತಾಯಿಯ ಸೊಂಟವನ್ನು ಎರಡೂ ಕಾಲುಗಳಿಂದ ತಬ್ಬಿ ಕುಳಿತುಕೊಳ್ಳುವ ಭಂಗಿ ಇದೇ ಅಲ್ಲವೇ? ತೊಡೆಸಂದಿನಲ್ಲಿ ಕಿರಿದಾದ ಪಟ್ಟಿಯೊಂದೇ ಇದ್ದು, ಕಾಲುಗಳು ಕೆಳಕ್ಕೆ ತೂಗಾಡುವ ಚೀಲಗಳನ್ನು ಬಿಡುವುದು ಉತ್ತಮ. ಕತ್ತು ಚೆನ್ನಾಗಿ ನಿಲ್ಲುವವರೆಗೆ ಮಗುವಿನ ಮುಖ ಹೊರುವವರ ಕಡೆಗೇ ಇರಬೇಕು.

ಜೋಳಿಗೆಗಳ ಬಗೆ

ನಾಲ್ಕೈದು ಮೀಟರ್ ಉದ್ದದ ಸುತ್ತುಬಟ್ಟೆಯು ಭಾರವನ್ನು ಎರಡೂ ಹೆಗಲು ಹಾಗೂ ಬೆನ್ನಿಗೆ ಸಮನಾಗಿ ಹಂಚುತ್ತದೆ. ಸೀರೆಯುಡುವ ಕೈಗೆ ಇದು ಕಷ್ಟವೆನಿಸದಿದ್ದರೂ ಕಟ್ಟುವ ಕ್ರಮವನ್ನು ಬಲ್ಲವರಿಂದ ಕಲಿಯಬೇಕು. ಎರಡು ಬಳೆಗಳ ಮೂಲಕ ಬಟ್ಟೆಯನ್ನು ಪೋಣಿಸಿ ಒಂದೇ ಹೆಗಲಿಗೆ ಹಾಕುವ ಜೋಳಿಗೆಯನ್ನು ಬೇಗ ತೊಟ್ಟು ಬೇಗ ತೆಗೆಯಬಹುದು. ಆದರೆ ಮಗು ಬೆಳೆದಂತೆ ಒಂದೇ ಹೆಗಲು ನೋಯುತ್ತದೆ. ಬಕಲ್ ಮತ್ತು ಪಟ್ಟಿಗಳಿರುವ ಕ್ಯಾರಿಯರ್ ದೀರ್ಘ ನಡಿಗೆಗೆ ಅನುಕೂಲ. ಲೋಹದ ಚೌಕಟ್ಟಿನ ಬೆನ್ನುಚೀಲವು ಆಸರೆಯಿಲ್ಲದೆ ಕುಳಿತುಕೊಳ್ಳುವ ಮಕ್ಕಳಿಗೆ ಮಾತ್ರ ತಕ್ಕದ್ದು.

ಬಕಲ್ ಇರುವ ಚೀಲಗಳ ಮೇಲೆ ಕನಿಷ್ಠ ಮತ್ತು ಗರಿಷ್ಠ ತೂಕವನ್ನು ನಮೂದಿಸಿರುತ್ತಾರೆ. ಅನೇಕ ಚೀಲಗಳ ಕನಿಷ್ಠ ಮಿತಿ 3 ಕಿಲೋಗ್ರಾಂಗಿಂತ ಮೇಲಿರುತ್ತದೆ. ಭಾರತದಲ್ಲಿ ಅವಧಿ ತುಂಬಿ ಹುಟ್ಟಿದ ಆರೋಗ್ಯವಂತ ಶಿಶುಗಳಲ್ಲಿಯೂ ಹಲವು ಈ ತೂಕವನ್ನು ಮುಟ್ಟಿರುವುದಿಲ್ಲವಾದ್ದರಿಂದ, ಮಗುವನ್ನು ತೂಗಿಸಿದ ನಂತರವೇ ಖರೀದಿಸುವುದು ವಿವೇಕ.

ಹೊರುವವರ ಅನುಕೂಲ

ಬೆನ್ನುನೋವಿಗೆ ಮಗುವಿನ ತೂಕಕ್ಕಿಂತ ಅದು ತೂಗುವ ಸ್ಥಾನವೇ ಹೆಚ್ಚಾಗಿ ಕಾರಣ. ಮಗು ಸಡಿಲವಾಗಿ, ಕೆಳಗೆ ಜೋತಷ್ಟೂ ಹೊರುವವರ ಬೆನ್ನು ಹಿಂದಕ್ಕೆ ಬಾಗುತ್ತದೆ. ಅಗಲವಾದ ಸೊಂಟಪಟ್ಟಿ ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುತ್ತದೆ. ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆಯಾದವರು ಹೊಲಿಗೆಯ ಮೇಲೆ ಪಟ್ಟಿ ಒತ್ತದಂತೆ ನೋಡಿಕೊಂಡು ವೈದ್ಯರ ಅನುಮತಿಯನ್ನು ಪಡೆಯಬೇಕು. ತಾಯಿ ತಂದೆ ಇಬ್ಬರೂ ಬಳಸುವುದಾದರೆ ಇಬ್ಬರಿಗೂ ಹೊಂದುವಂತೆ ಪಟ್ಟಿಗಳನ್ನು ಸರಿಪಡಿಸಿಕೊಳ್ಳಲು ಅವಕಾಶವಿರಬೇಕು.

ಚೆನ್ನೈನ ಸೆಕೆ, ದೆಹಲಿಯ ಬೇಸಿಗೆಗಳಲ್ಲಿ ತೆಳುವಾದ ಹತ್ತಿಬಟ್ಟೆಯೇ ಹಿತ. ಜೋಳಿಗೆಯೂ ಒಂದು ಪದರ ಉಡುಪು ಎಂದೆಣಿಸಿ ಮಗುವಿಗೆ ಬಟ್ಟೆ ಕಡಿಮೆ ತೊಡಿಸಬೇಕು. ಮಗುವಿನ ಕತ್ತಿನ ಹಿಂಭಾಗ ಬಿಸಿಯಾಗಿ ಬೆವರಿದ್ದರೆ ಕೂಡಲೇ ಹೊರತೆಗೆಯಬೇಕು.

ದ್ವಿಚಕ್ರ ವಾಹನದಲ್ಲಿ ಜೋಳಿಗೆ ರಕ್ಷಣೆಯಲ್ಲ

ಕೂಸನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ಸ್ಕೂಟರಿನಲ್ಲಿ ಸಾಗುವುದು ನಗರಗಳಲ್ಲಿ ಸಾಮಾನ್ಯವಾಗಿದೆ. ಇದು ಅತ್ಯಂತ ಅಪಾಯಕರ. ನಡೆಯುವವರಿಗಾಗಿ ಹೊಲಿದ ಈ ಸಾಧನ ಅಪಘಾತದ ಆಘಾತವನ್ನು ತಡೆಯಲಾರದು. 2022ರ ಫೆಬ್ರವರಿಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ನಾಲ್ಕು ವರ್ಷದೊಳಗಿನ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯುವಾಗ 30 ಕಿಲೋಗ್ರಾಂ ಭಾರವನ್ನು ತಡೆಯಬಲ್ಲ ಸುರಕ್ಷಾ ಪಟ್ಟಿಯನ್ನು ಬಳಸಬೇಕು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಶಿರಸ್ತ್ರಾಣ ತೊಡಿಸಬೇಕು. ವೇಗವು ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಹಸುಗೂಸಿನೊಡನೆ ದ್ವಿಚಕ್ರ ವಾಹನದ ಪ್ರಯಾಣವನ್ನೇ ತಪ್ಪಿಸುವುದು ಕ್ಷೇಮಕರ.

ಸದಾ ನೆನಪಿಡಬೇಕಾದ ಅಂಶಗಳು

1. ಪ್ರತಿ ಬಾರಿ ತೊಡುವ ಮುನ್ನ ಹೊಲಿಗೆ, ಬಳೆ, ಬಕಲ್‌ಗಳನ್ನು ಪರೀಕ್ಷಿಸಬೇಕು.

2. ಮೊದಲ ಬಾರಿ ಹಾಸಿಗೆಯ ಪಕ್ಕದಲ್ಲಿ, ಇನ್ನೊಬ್ಬರ ನೆರವಿನಿಂದ ಅಭ್ಯಾಸ ಮಾಡಬೇಕು.

3. ಮಗು ಜೋಳಿಗೆಯಲ್ಲಿರುವಾಗ ಒಲೆಯ ಬಳಿ ಅಡುಗೆ ಮಾಡಬಾರದು. ಬಿಸಿ ಪಾನೀಯ ಸೇವಿಸಬಾರದು.

4. ಕೆಳಗಿನ ವಸ್ತುವನ್ನು ಎತ್ತಿಕೊಳ್ಳಲು ಸೊಂಟವನ್ನು ಬಗ್ಗಿಸದೆ ಮಂಡಿಯನ್ನು ಮಡಿಸಬೇಕು. ಮಗುವಿಗೆ ಕೈಯಾಸರೆ ನೀಡಬೇಕು.

5. ಮಗು ನಿದ್ರಿಸಿದಾಗಲೂ ಮುಖವನ್ನು ಆಗಾಗ ನೋಡುತ್ತಿರಬೇಕು.

ಹೊರುವ ಸಾಧನವು ಅಂಗಡಿಯದಾಗಲಿ ಹಳೆಯ ಸೀರೆಯದಾಗಲಿ, ಮಗು ತಡೆಯಿಲ್ಲದೆ ಉಸಿರಾಡುವಂತಿರುವುದೇ ಅದರ ಮೊದಲ ಅರ್ಹತೆ. ಈ ಅರ್ಹತೆಯಿಲ್ಲದ ಜೋಳಿಗೆ ಎಷ್ಟೇ ಮೆತ್ತಗಿದ್ದರೂ, ಎಷ್ಟೇ ಬೆಲೆಯದಾದರೂ ಅದನ್ನು ಸುಖಕರವೆಂದು ಕರೆಯಲಾಗದು.