ಅಂಚಿನಿಂದ ನಡುವಿಗೆ

ಉತ್ತರ ಕನ್ನಡದ ಯಲ್ಲಾಪುರದಾಚೆ ಕಾಡಿನಂಚಿನಲ್ಲಿ, ಆಫ್ರಿಕ ಮೂಲದ ಸಿದ್ದಿಯರ ಕೇರಿಯೊಂದರಲ್ಲಿ, ಅಡಕೆ ಸುಲಿಯುವ ಕೆಲಸದಿಂದ ಆಗತಾನೆ ಮರಳಿದ ನಡುವಯಸ್ಸಿನ ಹೆಂಗಸೊಬ್ಬಳು, ಸುರುಳಿ ಸುತ್ತಿ ಜಗುಲಿಯ ಮೂಲೆಗಿರಿಸಿದ್ದ ಕೌದಿಯನ್ನು ಬಿಡಿಸಿ, ಬಟ್ಟೆಯಲ್ಲಿಯೇ ಚುಚ್ಚಿಟ್ಟಿದ್ದ ಸೂಜಿಯನ್ನೆಳೆದು, ಹಿಂದಿನ ಹೊಲಿಗೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸಿದುದನ್ನು ಕಂಡಂದಿನಿಂದ, ಕಲಾವಿದನ ದಿನಚರ್ಯೆಯ ವಿಷಯದಲ್ಲಿ ನಾನು ಓದಿದ್ದ ಉಪದೇಶಗಳೆಲ್ಲ ನನಗೆ ಸಪ್ಪೆಯಾಗಿ ತೋರುತ್ತಿವೆ. ಪ್ರತ್ಯೇಕವಾದ ಕೋಣೆಯಿಲ್ಲ, ಚಿತ್ತವನ್ನು ಅಣಿಗೊಳಿಸುವ ಪೂರ್ವಸಿದ್ಧತೆಯಿಲ್ಲ. ಒಲೆಯ ಮೇಲಣ ಅನ್ನ ಬೇಯುವಷ್ಟು ಹೊತ್ತು ಹೊಲಿದು, ಸೂಜಿಯನ್ನು ಇದ್ದಲ್ಲಿಯೇ ನಿಲ್ಲಿಸಿ, ಆಕೆ ಎದ್ದುಹೋದಳು.

ಈ ನಿರಾಯಾಸಕ್ಕೆ ಆಕೆಯ ಸ್ವಭಾವ ಎಷ್ಟು ಕಾರಣವೋ ಕೌದಿಯ ರಚನೆಯೂ ಅಷ್ಟೇ ಕಾರಣ. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಹರಿದ ಅಂಗಿ, ಲಂಗ, ಲುಂಗಿಗಳ ತುಂಡುಗಳನ್ನು ಒಂದೊಂದಾಗಿ ಅದರ ಮೇಲಿರಿಸುತ್ತ, ಅಂಚಿನಲ್ಲಿ ತೊಡಗಿ ಸುತ್ತುಸುತ್ತಾಗಿ ನಡುವಿನತ್ತ ಸಾಗುವುದು ಸಿದ್ದಿ ಹೆಂಗಸರ ಕ್ರಮ. ಚೌಕಟ್ಟಿಗೆ ಬಿಗಿಯುವುದಿಲ್ಲ, ಮೊದಲೇ ಬರೆದಿಟ್ಟ ನಕ್ಷೆಯಿಲ್ಲ, ಯಾವ ಬಣ್ಣದ ಮಗ್ಗುಲಿಗೆ ಯಾವುದು ಎಂಬ ನಿರ್ಣಯ ತುಂಡು ಕೈಗೆ ಬಂದಾಗಲೇ ಆಗತಕ್ಕದ್ದು. ಅಂಚು ಮೊದಲಿಗೇ ಭದ್ರವಾಗುವುದರಿಂದ ಎಷ್ಟು ಸಲ ಕೈಬಿಟ್ಟರೂ ಕೆಲಸ ಕೆಡುವುದಿಲ್ಲ; ಕೊನೆಯ ಸಾಲಿನ ಎಳೆಯೇ ಮುಂದಿನ ಸಾಲಿಗೆ ದಾರಿ ತೋರುತ್ತದೆ. ದಿನವಿಡೀ ಪರರ ತೋಟದಲ್ಲಿ ದುಡಿಯುವವಳಿಗೆ ಅಖಂಡವಾದ ಬಿಡುವು ಎಂದೂ ದೊರೆಯದೆಂಬುದನ್ನು ಅರಿತೇ ಈ ಕಲೆ ರೂಪುಗೊಂಡಿತೇನೋ ಎನ್ನಿಸಿತು.

ಇನ್ನು ಆ ಮೂಲೆಗಳು! ಬಟ್ಟೆಯನ್ನು ಮಡಚಿ ಮಡಚಿ, ಪದರದ ಮೇಲೆ ಪದರವಿಟ್ಟು, ಬೆರಳಿಗೆ ಗಟ್ಟಿಯಾಗಿ ತಾಕುವ ತ್ರಿಕೋನಗಳನ್ನು ನಾಲ್ಕು ಮೂಲೆಗಳಿಗೂ ಹೊಲಿಯುತ್ತಾರೆ. ಕೆಂಪಿನಡಿಯಲ್ಲಿ ಹಳದಿ, ಹಳದಿಯಡಿಯಲ್ಲಿ ಯಾರದೋ ಶಾಲೆಯ ಸಮವಸ್ತ್ರದ ನೀಲಿ ಇಣುಕುತ್ತಿದ್ದ ಅಂಥದೊಂದನ್ನು ನಾನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದೆ. ಮಳೆಗಾಲದ ಚಳಿಯನ್ನು ತಡೆಯುವುದಕ್ಕೆ ಇವುಗಳಿಂದ ಕವಡೆಕಾಸಿನ ಪ್ರಯೋಜನವಿಲ್ಲ. ಆದರೂ ಇವಿಲ್ಲದ ಕೌದಿ ಬತ್ತಲೆಯೆಂಬುದು ಹೊಲಿಯುವವರ ಭಾವನೆ. ತೊಟ್ಟಿಲ ಕೂಸಿಗೆಂದು ಹೊಲಿದವುಗಳಲ್ಲಿ ಅಲಂಕಾರ ಇನ್ನೂ ಹೆಚ್ಚು. ಕ್ರೈಸ್ತರ ಮನೆಗಳಲ್ಲಿ ಶಿಲುಬೆ, ಮುಸಲ್ಮಾನರ ಮನೆಗಳಲ್ಲಿ ಅರ್ಧಚಂದ್ರ ಮೂಡುವುದೂ ಉಂಟು. ಹೊತ್ತಿಲ್ಲವೆಂದು ಮೊದಲು ಕೈಬಿಡಬಹುದಾದುದನ್ನೇ ಇವರು ಬಿಡದಿರುವುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಪೂರ್ವ ಆಫ್ರಿಕದಿಂದ ಪೋರ್ಚುಗೀಸರು ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರ ಸಂತತಿಯೇ ಬಹುಮಟ್ಟಿಗೆ ಇಲ್ಲಿಯ ಸಿದ್ದಿಯರು.

ಮೊದಲು ಹೇಳಿದ ದಿನಚರ್ಯೆಯ ಉಪದೇಶಗಳಿಗೆ ಮರಳಿದರೆ, ನಿಯಮಿತವಾದ ಅಭ್ಯಾಸಕ್ಕೆ ನಿದರ್ಶನವಾಗಿ ಎಲ್ಲರೂ ಹೆಸರಿಸುವ ಇಂಗ್ಲೆಂಡಿನ ಕಾದಂಬರಿಕಾರ ಆಂಟನಿ ಟ್ರಾಲಪ್, ಅಂಚೆ ಇಲಾಖೆಯ ಚಾಕರಿಯಲ್ಲಿದ್ದುಕೊಂಡೇ, ಬೆಳಗಿನ 5.30ಕ್ಕೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದನು. ಆ ಶ್ರದ್ಧೆ ಸ್ತುತ್ಯವೇ. ಆದರೆ ತನ್ನನ್ನು ಎಬ್ಬಿಸುವುದಕ್ಕಾಗಿಯೇ ಮನೆಯಾಳಿಗೆ ವರ್ಷಕ್ಕೆ 5 ಪೌಂಡು ಹೆಚ್ಚಿಗೆ ಕೊಡುತ್ತಿದ್ದನೆಂದು ಅವನೇ ಬರೆದಿಟ್ಟಿರುವುದನ್ನು ಅವನ ಅನುಯಾಯಿಗಳು ಮರೆಯಬಾರದು. ಶಿರಸಿ, ಸಿದ್ದಾಪುರಗಳ ಯಕ್ಷಗಾನ ಕಲಾವಿದರಿಗೆ ಗಡಿಯಾರಕ್ಕಿಂತ ಮಳೆಯೇ ನಿಯಾಮಕ: ಬಯಲಾಟ ನಿಂತ ಆಷಾಢದಲ್ಲಿ ವೇಷ ಕಳಚಿದ ಮಾತು ತಾಳಮದ್ದಳೆಯಾಗಿ ಮನೆಯೊಳಗೆ ಕೂಡುತ್ತದೆ. 2020ರಲ್ಲಿ ಅಗಲಿದ ಹೊಸ್ತೋಟ ಮಂಜುನಾಥ ಭಾಗವತರಂತೂ, ಅವಿವಾಹಿತರಾಗಿ ಊರೂರು ತಿರುಗಿ, ಶಿವಮೊಗ್ಗದ ಅಂಧರಿಗೂ ಆಟ ಕಲಿಸುತ್ತ, ಇನ್ನೂರಕ್ಕೂ ಮಿಕ್ಕ ಪ್ರಸಂಗಗಳನ್ನು ರಚಿಸಿದರು. ಅಲೆದಾಟವೇ ಅವರಿಗೆ ಒಪ್ಪಿದ ಕ್ರಮವಾಗಿತ್ತು.

ಈಗ ದೂರದ ನಗರಗಳವರೂ ಈ ಕೌದಿಗಳನ್ನು ಬಯಸಿ ಕೊಳ್ಳುತ್ತಿದ್ದಾರೆ. ಆ ಹಣ ಹೊಲಿಯುವ ಕೈಗಳಿಗೆ ಸಲ್ಲತಕ್ಕದ್ದೇ, ಸಂತೋಷ. ಆದರೆ ಇಂಥ ತಾರೀಖಿನೊಳಗೆ ಬೇಕೆಂದು ಹೇಳಿಕಳುಹಿಸುವವರು, ಅಡಕೆ ಕೊಯ್ಲು ಯಾವಾಗ ಮುಗಿಯುವುದೆಂದು ಮೊದಲು ಆ ಹೆಂಗಸರನ್ನೇ ಕೇಳಿ, ಅವರು ಹೇಳಿದಷ್ಟು ದಿನ ಕಾಯಲಿ. ಅವಸರಕ್ಕೆಂದು ಮೂಲೆಯ ತ್ರಿಕೋನಗಳನ್ನು ಮಾತ್ರ ಬಿಡಿಸದಿರಲಿ.