ಹಿತ್ತಲ ಗಿಡವೋ, ಹೊರಗಿನ ಸಸಿಯೋ?
ಹದಿನೆಂಟರ ಹುಡುಗನೊಬ್ಬನ ಆಯ್ಕೆ ಮತ್ತು ಮಾಂಟ್ರಿಯಲ್ ಅಭಿಮಾನಿಗಳ ತಳಮಳ

2022ರ ಜುಲೈ 7ರ ಸಂಜೆ ಕೆನಡಾದ ಮಾಂಟ್ರಿಯಲ್ ನಗರದ ಬೆಲ್ ಸೆಂಟರ್ ಕ್ರೀಡಾಂಗಣ ಜನರಿಂದ ಕಿಕ್ಕಿರಿದಿತ್ತು. ಅಂದು ಅಲ್ಲಿ ಯಾವ ಪಂದ್ಯವೂ ಇರಲಿಲ್ಲ. ಆಟಗಾರರು ಮಂಜುಗಡ್ಡೆಯ ಮೇಲೆ ಜಾರುತ್ತ ಸೆಣಸಬೇಕಾದ ಅಂಗಣದಲ್ಲಿ ಸಾಲುಸಾಲಾಗಿ ಮೇಜು ಕುರ್ಚಿಗಳನ್ನು ಹಾಕಲಾಗಿತ್ತು. ಉತ್ತರ ಅಮೆರಿಕದ ರಾಷ್ಟ್ರೀಯ ಹಾಕಿ ಲೀಗಿನ ಮೂವತ್ತೆರಡು ತಂಡಗಳ ಅಧಿಕಾರಿಗಳು ಅಲ್ಲಿ ಸೇರಿದ್ದರು. ಹೊಸ ತಲೆಮಾರಿನ ಆಟಗಾರರನ್ನು ಹಂಚಿಕೊಳ್ಳುವ ವಾರ್ಷಿಕ ಆಯ್ಕೆಯ ದಿನವದು. ಮೊದಲ ಆಯ್ಕೆಯ ಹಕ್ಕು ಆತಿಥೇಯ ತಂಡವಾದ ಮಾಂಟ್ರಿಯಲ್ ಕೆನೆಡಿಯನ್ಸ್‌ಗೇ ದೊರೆತಿತ್ತು.

ಅಭಿಮಾನಿಗಳಲ್ಲಿ ಬಹುಮಂದಿ ತಿಂಗಳುಗಟ್ಟಲೆ ಒಂದೇ ಹೆಸರನ್ನು ಜಪಿಸುತ್ತಿದ್ದರು: ಒಂಟಾರಿಯೊ ಪ್ರಾಂತ್ಯದ ಮುಂಪಡೆ ಆಟಗಾರ ಶೇನ್ ರೈಟ್. ಆದರೆ ವೇದಿಕೆಯಿಂದ ಕೇಳಿಬಂದ ಹೆಸರು ಬೇರೆ. ಸ್ಲೊವಾಕಿಯಾ ದೇಶದ ಕೊಶಿಟ್ಸೆ ನಗರದಲ್ಲಿ ಹುಟ್ಟಿದ ಯುರಾಯ್ ಸ್ಲಾಫ್‌ಕೋವ್‌ಸ್ಕಿ ಎಂಬ ಹದಿನೆಂಟರ ಎತ್ತರದ ಹುಡುಗ ಎದ್ದು ನಿಂತ. ಕ್ರೀಡಾಂಗಣದಲ್ಲಿ ಬೆರಗಿನ ಉದ್ಗಾರವೂ ಚಪ್ಪಾಳೆಯೂ ಒಂದರೊಡನೊಂದು ಬೆರೆತವು. ಸ್ಲೊವಾಕಿಯಾದ ಆಟಗಾರನೊಬ್ಬ ಈ ಲೀಗಿನಲ್ಲಿ ಮೊಟ್ಟಮೊದಲಿಗನಾಗಿ ಆಯ್ಕೆಯಾದದ್ದು ಇತಿಹಾಸದಲ್ಲೇ ಅದು ಮೊದಲ ಬಾರಿ.

ಹಾಕಿ ಎಂದೊಡನೆ ನಮ್ಮ ಮಕ್ಕಳ ಕಣ್ಣಮುಂದೆ ಬರುವುದು ಹಸಿರು ಮೈದಾನ, ಧ್ಯಾನ್‌ಚಂದ್, ಕೊಡಗಿನ ಮನೆತನಗಳ ಹಾಕಿ ಹಬ್ಬ. ಕೆನಡಾದಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ತಂಡವೊಂದಕ್ಕೆ ಗೋಲಿಯೂ ಸೇರಿ ಆರು ಮಂದಿ. ಚೆಂಡಿನ ಬದಲು ಚಪ್ಪಟೆಯಾದ ರಬ್ಬರ್ ಬಿಲ್ಲೆ. ಕಾಲಿಗೆ ಅಲಗುಳ್ಳ ಬೂಟು. ವರ್ಷದ ಅರ್ಧಭಾಗ ಹಿಮ ಕವಿದಿರುವ ನಾಡಿನಲ್ಲಿ ಅದು ಬರಿಯ ಆಟವಲ್ಲ, ಊರೂರಿನ ಬದುಕು.

ಸೋತವರಿಗೆ ಮೊದಲ ಆಯ್ಕೆ

ಈ ಆಯ್ಕೆಯ ಪದ್ಧತಿಯನ್ನು 'ಡ್ರಾಫ್ಟ್' ಎನ್ನುತ್ತಾರೆ. ನಾವು ಕಂಡಿರುವ ಕ್ರಿಕೆಟ್ ಹರಾಜಿಗಿಂತ ಇದು ಭಿನ್ನ. ಇಲ್ಲಿ ಹಣದ ಕೂಗಾಟವಿಲ್ಲ. ಹದಿನೆಂಟರ ಆಸುಪಾಸಿನ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ಋತುವಿನಲ್ಲಿ ಕೆಳಗಿನ ಸ್ಥಾನ ಪಡೆದ ತಂಡಗಳಿಗೆ ಮುಂಚಿನ ಸರದಿ. ಯಾರೂ ಬೇಕೆಂದೇ ಸೋಲುವ ಆಸೆಗೆ ಬೀಳದಿರಲೆಂದು ಮೊದಲ ಸ್ಥಾನಗಳಿಗೆ ಚೀಟಿ ಎತ್ತುವ ಕ್ರಮವೂ ಉಂಟು. ತನ್ನನ್ನು ಯಾವ ತಂಡ ಆರಿಸಬೇಕೆಂಬುದನ್ನು ಹುಡುಗ ನಿರ್ಧರಿಸುವಂತಿಲ್ಲ. ದುರ್ಬಲನ ಕೈಗೆ ಬಲವಾದ ಊರುಗೋಲು ಸಿಗಲಿ ಎಂಬುದು ಈ ವ್ಯವಸ್ಥೆಯ ಆಶಯ.

ಹೀಗಾಗಿ ಮೊದಲ ಆಯ್ಕೆಯ ಸಂಭ್ರಮದ ಹಿಂದೆ ಸದಾ ಒಂದು ದುಃಖವಿರುತ್ತದೆ. 2021ರಲ್ಲಿ ಸ್ಟಾನ್ಲಿ ಕಪ್ಪಿನ ಅಂತಿಮ ಸುತ್ತು ತಲುಪಿದ್ದ ಮಾಂಟ್ರಿಯಲ್ ತಂಡ ಮರುವರ್ಷವೇ ಮೂವತ್ತೆರಡು ತಂಡಗಳಲ್ಲಿ ಕಟ್ಟಕಡೆಯದಾಯಿತು. ಅಭಿಮಾನಿಗಳು ಚಳಿಗಾಲವಿಡೀ ಸೋಲನ್ನು ನುಂಗಿದರು. ಆ ನುಂಗಿದ ಕಹಿಗೆ ಪ್ರತಿಯಾಗಿ ದೊರೆತದ್ದು ಈ ಒಂದು ಹೆಸರು. ಅದು ತಪ್ಪಾಗಬಾರದೆಂಬ ಆತಂಕ ಸಹಜವೇ.

ನುಡಿಯನ್ನೂ ಹೊತ್ತ ತಂಡ

ಮಾಂಟ್ರಿಯಲ್ ಅಭಿಮಾನಿಗಳ ತಳಮಳಕ್ಕೆ ಇನ್ನೊಂದು ಆಳವಾದ ಕಾರಣವಿದೆ. ಆ ನಗರವಿರುವ ಕ್ವಿಬೆಕ್ ಪ್ರಾಂತ್ಯದ ಬಹುಸಂಖ್ಯಾತರ ನುಡಿ ಫ್ರೆಂಚ್. ಆದರೆ ಉತ್ತರ ಅಮೆರಿಕ ಖಂಡವನ್ನು ಇಡಿಯಾಗಿ ನೋಡಿದರೆ ಅದು ಇಂಗ್ಲಿಷ್ ಕಡಲಿನ ನಡುವಣ ಒಂದು ನಡುಗಡ್ಡೆ. 1977ರಲ್ಲಿ ಫ್ರೆಂಚ್ ಭಾಷಾ ಸನ್ನದನ್ನು ಶಾಸನವಾಗಿಸಿ, ಹೊರಗಿನಿಂದ ಬಂದು ನೆಲೆಸುವವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಯಲ್ಲೇ ಓದಬೇಕೆಂದು ವಿಧಿಸಿದ ಪ್ರಾಂತ್ಯವದು. 1909ರಲ್ಲಿ ಹುಟ್ಟಿದ ಕೆನೆಡಿಯನ್ಸ್ ತಂಡವನ್ನು ಕಟ್ಟಿದ್ದೇ ಫ್ರೆಂಚ್ ನುಡಿಯವರ ತಂಡವೆಂದು. ಅಲ್ಲಿನ ಕಾರ್ಖಾನೆಯ ಕೂಲಿಕಾರನಿಗೆ, ಹಳ್ಳಿಯ ರೈತನಿಗೆ, ಇಂಗ್ಲಿಷ್ ಬಲ್ಲ ಮಾಲೀಕನ ಮುಂದೆ ತಲೆಯೆತ್ತಿ ನಿಲ್ಲಲು ಆ ತಂಡದ ಕೆಂಪಂಗಿ ಒಂದು ಆಸರೆಯಾಗಿತ್ತು. 1955ರ ಮಾರ್ಚ್ 17ರಂದು, ತಮ್ಮ ಆರಾಧ್ಯ ಆಟಗಾರ ಮೊರೀಸ್ ರಿಚರ್ಡ್ ಅವರನ್ನು ಋತುವಿನ ಉಳಿದ ಪಂದ್ಯಗಳಿಂದ ಹೊರಗಿಟ್ಟ ಕೋಪಕ್ಕೆ ನಗರದ ಬೀದಿಗಳಲ್ಲಿ ಗಲಭೆಯೇ ಎದ್ದಿತು. ಆ ಶಿಕ್ಷೆ ವಿಧಿಸಿದ ಲೀಗಿನ ಅಧ್ಯಕ್ಷರು ಇಂಗ್ಲಿಷ್ ನುಡಿಯವರೆಂಬುದು ಬೆಂಕಿಗೆ ತುಪ್ಪವಾಗಿತ್ತು.

ಡ್ರಾಫ್ಟ್ ಪದ್ಧತಿ ಬಂದ ಮೊದಲ ವರ್ಷಗಳಲ್ಲಿ ಮಾಂಟ್ರಿಯಲ್‌ಗೆ ಒಂದು ವಿಶೇಷ ಸವಲತ್ತಿತ್ತು: ಬೇರೆಯವರಿಗಿಂತ ಮುಂಚಿತವಾಗಿ ಇಬ್ಬರು ಫ್ರೆಂಚ್ ಕೆನಡಿಯನ್ ಹುಡುಗರನ್ನು ಆರಿಸಿಕೊಳ್ಳಬಹುದಾಗಿತ್ತು. 1969ರಲ್ಲಿ ರೇಜಾನ್ ಊಲ್ ಮತ್ತು ಮಾರ್ಕ್ ತಾರ್ದಿಫ್ ಅವರನ್ನು ಹೀಗೆ ಪಡೆದದ್ದೇ ಕೊನೆ. ಅನಂತರ ಆ ಸವಲತ್ತು ರದ್ದಾಯಿತು. ಇನ್ನು ಮುಂದೆ ತಮ್ಮ ನೆಲದ ಮಕ್ಕಳನ್ನು ತಮ್ಮಲ್ಲೇ ಉಳಿಸಿಕೊಳ್ಳಲು ತಂಡಕ್ಕೆ ಜಾಣ್ಮೆಯೊಂದೇ ದಾರಿಯಾಯಿತು.

ಅರಳಲು ತಡವಾದ ಹೂವು

ಆ ಜಾಣ್ಮೆಯ ಶ್ರೇಷ್ಠ ಉದಾಹರಣೆ 1971ರದು. ಥರ್ಸೊ ಎಂಬ ಸಣ್ಣ ಊರಿನ ಗೀ ಲಾಫ್ಲರ್ ಎಂಬ ತರುಣ ಕಿರಿಯರ ಲೀಗಿನಲ್ಲಿ ಒಂದೇ ಋತುವಿನಲ್ಲಿ 130 ಗೋಲು ಹೊಡೆದಿದ್ದ. ಕ್ವಿಬೆಕ್ ಪ್ರಾಂತ್ಯವೆಲ್ಲ ಅವನು ನಮ್ಮವನೇ ಆಗಬೇಕೆಂದು ಹಂಬಲಿಸಿತು. ತಂಡದ ವ್ಯವಸ್ಥಾಪಕ ಸ್ಯಾಮ್ ಪೊಲ್ಲಾಕ್ ದುರ್ಬಲವಾಗಿದ್ದ ಕ್ಯಾಲಿಫೋರ್ನಿಯಾ ತಂಡದ ಆಯ್ಕೆಯ ಹಕ್ಕನ್ನು ವರ್ಷ ಮುಂಚೆಯೇ ವಿನಿಮಯದಲ್ಲಿ ಪಡೆದಿಟ್ಟುಕೊಂಡಿದ್ದರು. ಕ್ಯಾಲಿಫೋರ್ನಿಯಾ ಕಟ್ಟಕಡೆಯ ಸ್ಥಾನಕ್ಕೆ ಬಿದ್ದರೆ ಮಾತ್ರ ಅದು ಮೊದಲ ಆಯ್ಕೆಯಾಗುತ್ತಿತ್ತು. ಋತುವಿನ ನಡುವೆ ಲಾಸ್ ಏಂಜಲೀಸ್ ತಂಡವೂ ಸೋಲುತ್ತಿದ್ದುದನ್ನು ಕಂಡ ಪೊಲ್ಲಾಕ್, ತಮ್ಮ ಅನುಭವಿ ಆಟಗಾರ ರಾಲ್ಫ್ ಬ್ಯಾಕ್‌ಸ್ಟ್ರಮ್ ಅವರನ್ನು ಅಲ್ಲಿಗೆ ಕಳುಹಿಸಿದರು. ಲಾಸ್ ಏಂಜಲೀಸ್ ಮೇಲೆದ್ದಿತು, ಕ್ಯಾಲಿಫೋರ್ನಿಯಾ ತಳಕ್ಕಿಳಿಯಿತು, ಲಾಫ್ಲರ್ ಮಾಂಟ್ರಿಯಲ್‌ಗೆ ಬಂದ.

ಆದರೆ ಕತೆ ಅಲ್ಲಿಗೆ ಸುಖಾಂತವಾಗಲಿಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲೇ ಎಂದು ನಂಬಿದ್ದವರಿಗೆ ಮೊದಲ ಮೂರು ಋತುಗಳು ನಿರಾಶೆ ತಂದವು. 29, 28, 21 ಎಂದು ಗೋಲುಗಳು ಇಳಿಯುತ್ತ ಹೋದವು. ಅಭಿಮಾನಿಗಳು ಗೊಣಗಿದರು. ನಾಲ್ಕನೆಯ ಋತುವಿನಲ್ಲಿ ಆತ 53 ಗೋಲು ಹೊಡೆದ. ಅಲ್ಲಿಂದ ಮುಂದೆ ಸತತ ಆರು ಋತುಗಳಲ್ಲಿ ಐವತ್ತು ಅಥವಾ ಅದಕ್ಕೂ ಹೆಚ್ಚು ಗೋಲು, ವೃತ್ತಿಜೀವನದಲ್ಲಿ ಒಟ್ಟು ಐದು ಸ್ಟಾನ್ಲಿ ಕಪ್. ಫ್ರೆಂಚ್‌ನಲ್ಲಿ ಲಾಫ್ಲರ್ ಎಂದರೆ ಹೂವು. ಆ ಹೂವು ಅರಳಲು ಮೂರು ವರ್ಷ ಹಿಡಿಯಿತು.

2022ರ ಏಪ್ರಿಲ್ 22ರಂದು ಲಾಫ್ಲರ್ ತೀರಿಕೊಂಡರು. ಎರಡು ದಿನಗಳ ಬಳಿಕ ಬೆಲ್ ಸೆಂಟರ್‌ನಲ್ಲಿ ನಡೆದ ಪಂದ್ಯಕ್ಕೆ ಮುನ್ನ ಅಭಿಮಾನಿಗಳು ಸುಮಾರು ಹತ್ತು ನಿಮಿಷ ನಿಂತೇ ಚಪ್ಪಾಳೆ ತಟ್ಟಿದರು. ಅವರ ಹೆಸರನ್ನು ಕೂಗುತ್ತಲೇ ಇದ್ದರು. ಜುಲೈನ ಆಯ್ಕೆ ನಡೆದದ್ದು ಅದೇ ಕ್ರೀಡಾಂಗಣದಲ್ಲಿ, ಆ ಶೋಕ ಮಾಸುವ ಮುನ್ನ.

ಹಿತ್ತಲ ಗಿಡವನ್ನು ಬಿಟ್ಟ ವರ್ಷ

ಲಾಫ್ಲರ್ ನೆನಪು ಹೆಮ್ಮೆಯದಾದರೆ 1980ರ ನೆನಪು ಚುಚ್ಚುವ ಮುಳ್ಳು. ಆ ವರ್ಷದ ಆಯ್ಕೆಯೂ ಮಾಂಟ್ರಿಯಲ್‌ನಲ್ಲೇ, ಹಳೆಯ ಫೋರಂ ಕ್ರೀಡಾಂಗಣದಲ್ಲಿ ನಡೆಯಿತು. ಸಾರ್ವಜನಿಕರಿಗೆ ಪ್ರವೇಶ ದೊರೆತ ಮೊದಲ ಡ್ರಾಫ್ಟ್ ಅದು. ಆಗಲೂ ಮೊದಲ ಆಯ್ಕೆ ಮಾಂಟ್ರಿಯಲ್‌ನದೇ. ನಗರದ ವರ್ಡನ್ ಬಡಾವಣೆಯಲ್ಲಿ ಬೆಳೆದ, ಫ್ರೆಂಚ್ ಮನೆಮಾತಿನ ಡೆನಿ ಸವಾರ್ ಕಣ್ಣೆದುರಿಗೇ ಇದ್ದ. ತಂಡ ಮಾತ್ರ ಸಾವಿರಾರು ಕಿಲೋಮೀಟರ್ ದೂರದ ರಿಜೈನಾದ ಡಗ್ ವಿಕನ್‌ಹೈಸರ್ ಎಂಬ ಎತ್ತರದ ತರುಣನನ್ನು ಆರಿಸಿತು. ಸವಾರ್ ಮೂರನೆಯವನಾಗಿ ಶಿಕಾಗೊ ಸೇರಿದ.

ಮುಂದಿನದನ್ನು ಅಭಿಮಾನಿಗಳು ಇಂದಿಗೂ ಮರೆತಿಲ್ಲ. ಸವಾರ್ ತನ್ನ ವೃತ್ತಿಜೀವನದಲ್ಲಿ 473 ಗೋಲು ಹೊಡೆದು 2000ದಲ್ಲಿ ಹಾಕಿ ಕೀರ್ತಿಶಾಲೆಗೆ ಸೇರಿದ. ವಿಕನ್‌ಹೈಸರ್ ಮೂರೂವರೆ ಋತು ತುಂಬುವುದರೊಳಗೆ ಮಾಂಟ್ರಿಯಲ್‌ನಿಂದ ಬೇರೆಡೆಗೆ ಹೋಗಬೇಕಾಯಿತು. ಹಿತ್ತಲ ಗಿಡ ಮದ್ದಲ್ಲ ಎಂದು ಕಡೆಗಣಿಸಿದ್ದಕ್ಕೆ ತೆತ್ತ ಬೆಲೆ ಎಂದು ಜನ ಆಡಿಕೊಂಡರು.

ಇಲ್ಲಿ ಒಂದು ಮಾತನ್ನು ನಾವು ನೆನೆಯಬೇಕು. ವಿಕನ್‌ಹೈಸರ್ ಮಾಡಿದ ತಪ್ಪೇನು? ತನ್ನನ್ನು ಆರಿಸಿರೆಂದು ಅವನು ಕೇಳಿರಲಿಲ್ಲ. ಸವಾರ್ ಹೊಡೆದ ಒಂದೊಂದು ಗೋಲನ್ನೂ ಅವನ ಲೆಕ್ಕಕ್ಕೆ ಕಳೆದು ಬರೆಯಲಾಯಿತು. ಅವನು ಕೆಟ್ಟ ಆಟಗಾರನಾಗಿರಲಿಲ್ಲ. ಲೀಗಿನಲ್ಲಿ 556 ಪಂದ್ಯಗಳನ್ನು ಆಡಿದವನು. 1999ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವನಿಗಿನ್ನೂ 37 ವರ್ಷ. ಸವಾರ್ ಕೊನೆಗೂ 1990ರಲ್ಲಿ ತವರಿನ ತಂಡಕ್ಕೆ ಬಂದ. 1993ರಲ್ಲಿ ಸ್ಟಾನ್ಲಿ ಕಪ್ ಗೆದ್ದ ತಂಡದಲ್ಲಿದ್ದ. ಮಾಂಟ್ರಿಯಲ್ ಗೆದ್ದ ಇಪ್ಪತ್ತನಾಲ್ಕನೆಯ ಕಪ್ ಅದು.

ಹೊಸ ಕಾಲದ ಪ್ರಶ್ನೆ

1980ರಲ್ಲಿ ಹಿತ್ತಲಲ್ಲಿ ಗಿಡವಾದರೂ ಇತ್ತು. 2022ರ ಮೊದಲ ಹತ್ತು ಆಯ್ಕೆಗಳಲ್ಲಿ ಕ್ವಿಬೆಕ್‌ನ ಹುಡುಗನೊಬ್ಬನೂ ಇರಲಿಲ್ಲ. ಅಭಿಮಾನಿಗಳ ಮುಂದಿದ್ದ ಇಬ್ಬರಲ್ಲಿ ಒಬ್ಬ ಇಂಗ್ಲಿಷ್ ನುಡಿಯ ನೆರೆಪ್ರಾಂತ್ಯದವನು, ಇನ್ನೊಬ್ಬ ಯುರೋಪಿನವನು. ಅದಕ್ಕೂ ಮುಂಚೆ, 2021ರ ಮೇ 10ರಂದು, ತಂಡದ ಇತಿಹಾಸದಲ್ಲೇ ಮೊದಲ ಬಾರಿಗೆ ಕ್ವಿಬೆಕ್‌ನಲ್ಲಿ ಹುಟ್ಟಿದ ಒಬ್ಬ ಆಟಗಾರನೂ ಇಲ್ಲದೆ ಮಾಂಟ್ರಿಯಲ್ ಕಣಕ್ಕಿಳಿದಿತ್ತು. ಆ ನೋವು ಎಷ್ಟಿತ್ತೆಂದರೆ, ಅದೇ ವರ್ಷ ಪ್ರಾಂತ್ಯ ಸರ್ಕಾರ ಮಾಜಿ ಗೋಲಿ ಮಾರ್ಕ್ ಡೆನಿ ನೇತೃತ್ವದಲ್ಲಿ ಹಾಕಿ ಬೆಳವಣಿಗೆಗೆಂದು ಸಮಿತಿಯನ್ನೇ ನೇಮಿಸಿತು. ಹತ್ತು ವರ್ಷಗಳ ಹಿಂದೆ, 2011ರ ಡಿಸೆಂಬರ್‌ನಲ್ಲಿ, ಫ್ರೆಂಚ್ ಬಾರದ ತರಬೇತುದಾರರನ್ನು ತಾತ್ಕಾಲಿಕವಾಗಿ ನೇಮಿಸಿದ್ದಕ್ಕೇ ಜನ ಪ್ರತಿಭಟಿಸಿದ್ದರು.

ಆದ್ದರಿಂದ ಅಭಿಮಾನಿಗಳ ನಡುವಣ ವಾದ ಎರಡು ಬಗೆಯದು. ಮೊದಲನೆಯದು ಆಟದ್ದು. ರೈಟ್ ಪಳಗಿದ ಕೈ; ನಡುವೆ ನಿಂತು ಆಡಿಸಬಲ್ಲವನು. ಸ್ಲಾಫ್‌ಕೋವ್‌ಸ್ಕಿ ಅಂಚಿನಲ್ಲಿ ಆಡುವವನು, ದೇಹಬಲ ಉಳ್ಳವನು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಹದಿನೇಳರ ಹರೆಯದಲ್ಲಿ ಏಳು ಪಂದ್ಯಗಳಿಂದ ಏಳು ಗೋಲು ಹೊಡೆದು, ತನ್ನ ದೇಶಕ್ಕೆ ಈ ಆಟದಲ್ಲಿ ಮೊದಲ ಒಲಿಂಪಿಕ್ ಪದಕವಾದ ಕಂಚನ್ನು ತಂದುಕೊಟ್ಟು, ಕೂಟದ ಶ್ರೇಷ್ಠ ಆಟಗಾರನೆನಿಸಿದ್ದ. ಎರಡನೆಯ ವಾದ ಮನಸ್ಸಿನದು: ನಮ್ಮವರಲ್ಲದವರನ್ನು ನಮ್ಮವರನ್ನಾಗಿ ಮಾಡಿಕೊಳ್ಳುವುದು ಹೇಗೆ?

ಮೊದಲ ವಾದಕ್ಕೆ ಉತ್ತರ ನಿಧಾನವಾಗಿ ಬಂತು. ನಾಲ್ಕನೆಯವನಾಗಿ ಸಿಯಾಟಲ್ ಸೇರಿದ ರೈಟ್ ತನ್ನ ಮೊದಲ ಗೋಲನ್ನು ಹೊಡೆದದ್ದು 2022ರ ಡಿಸೆಂಬರ್‌ನಲ್ಲಿ, ಅದೂ ಮಾಂಟ್ರಿಯಲ್ ವಿರುದ್ಧವೇ! ಸ್ಲಾಫ್‌ಕೋವ್‌ಸ್ಕಿಯ ಮೊದಲ ಋತು 39 ಪಂದ್ಯ, 4 ಗೋಲಿಗೆ ನಿಂತು, ಗಾಯದಿಂದ ಅರ್ಧಕ್ಕೇ ಮುಗಿಯಿತು. 1980ರ ಭೂತ ಮತ್ತೆ ಬಂತೆಂದು ಹಲವರು ಅಂಜಿದರು. ಮರು ಋತುವಿನಲ್ಲಿ ಅವನು ಎಲ್ಲ 82 ಪಂದ್ಯಗಳನ್ನೂ ಆಡಿ 20 ಗೋಲು ಹೊಡೆದ. 2024ರ ಬೇಸಿಗೆಯಲ್ಲಿ ತಂಡ ಅವನೊಡನೆ ಎಂಟು ವರ್ಷಗಳ ಒಪ್ಪಂದ ಮಾಡಿಕೊಂಡಿತು. 2025ರಲ್ಲಿ ತಂಡ ಮತ್ತೆ ಮುಂದಿನ ಸುತ್ತಿನ ಪಂದ್ಯಗಳಿಗೆ ಅರ್ಹತೆ ಪಡೆಯಿತು.

ಎರಡನೆಯ ವಾದಕ್ಕೆ ಅಂಕಿಗಳಲ್ಲಿ ಉತ್ತರವಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ನಾಯಕನಾಗಿ ನೇಮಕಗೊಂಡ ಒಂಟಾರಿಯೊದ ನಿಕ್ ಸುಝುಕಿಗೆ ಮೊದಲ ದಿನವೇ ಎದುರಾದದ್ದು ಫ್ರೆಂಚ್ ಕಲಿಯುವಿರಾ ಎಂಬ ಪ್ರಶ್ನೆ. ಕಲಿಯುತ್ತಿದ್ದೇನೆ ಎಂದು ಅವನು ಹೇಳಿದ. ಕೆಲವರಿಗೆ ಅದು ಸಾಲಲಿಲ್ಲ, ಹಲವರಿಗೆ ಸಾಕಾಯಿತು. ನೆಲದ ನುಡಿಗೆ ಬಂದವನು ಗೌರವ ತೋರಲಿ ಎಂದು ಬಯಸುವುದು ಸಂಕುಚಿತತನವಲ್ಲ. ಆದರೆ ಹುಟ್ಟಿದ ಊರಿನ ಕಾರಣಕ್ಕೆ ಹದಿನೆಂಟರ ಹುಡುಗನನ್ನು ದೂರವಿಡುವುದು ಬೇರೆಯ ಮಾತು. ಈ ಎರಡರ ನಡುವಣ ಗೆರೆ ತೆಳುವಾದುದು.

ಗಡಿಯಾಚೆ ಕನ್ನಡ ಶಾಲೆಗಳನ್ನು ಉಳಿಸಿಕೊಂಡಿರುವ ನಮಗೆ ಈ ತಳಮಳ ಅಪರಿಚಿತವಲ್ಲ. ನಮ್ಮ ಮಗು ನಮ್ಮ ನುಡಿಯಲ್ಲೇ ಓದಿ ಮುಂದೆ ಬರಬೇಕೆಂಬ ಆಸೆಯೂ, ಹಿತ್ತಲ ಗಿಡವನ್ನು ನಾವೇ ಕಡೆಗಣಿಸುತ್ತಿದ್ದೇವೆಯೇ ಎಂಬ ಅಳುಕೂ ನಮ್ಮ ಮನೆಗಳಲ್ಲೂ ಇವೆ. ಮಾಂಟ್ರಿಯಲ್ ಅಭಿಮಾನಿಗಳ ಅನುಭವದಲ್ಲಿ ನಮಗೆರಡು ಪಾಠಗಳಿವೆ. ಆಯ್ಕೆಯ ದಿನ ಸವಾರ್‌ಗಾಗಿ ಅತ್ತರೆ ಸಾಲದು. ಸವಾರ್ ಬೆಳೆಯುವ ಬೀದಿ, ಬಯಲು, ಶಾಲೆಗಳನ್ನು ವರ್ಷವಿಡೀ ಕಾಯಬೇಕು. ಕ್ವಿಬೆಕ್ ಸಮಿತಿಯನ್ನು ನೇಮಿಸಿದ್ದು ಆ ಅರಿವಿನಿಂದಲೇ. ಮತ್ತೊಂದು ಪಾಠ, ಮಕ್ಕಳ ಹೆಗಲ ಮೇಲೆ ಹಿರಿಯರ ಹಂಬಲವನ್ನೆಲ್ಲ ಹೇರಿದ ಮೇಲೆ ತುಸು ಕಾಯುವ ತಾಳ್ಮೆಯನ್ನೂ ಹಿರಿಯರೇ ತೋರಬೇಕು. ಲಾಫ್ಲರ್‌ಗೆ ಮೂರು ವರ್ಷ ಕಾದವರಿಗೆ ಮುಂದೆ ನಾಲ್ಕು ಕಪ್ ದೊರೆತವು. ವಿಕನ್‌ಹೈಸರ್‌ಗೆ ಆ ತಾಳ್ಮೆ ಸಿಕ್ಕಿದ್ದರೆ ಏನಾಗುತ್ತಿತ್ತೋ, ಹೇಳಬಲ್ಲವರಾರು?